ನೀಲಿ ರಕ್ತದ ಕಾವಲು

ಎಲ್ಲರಿಗೂ ನಮಸ್ಕಾರ.

ಒಂದು ಚಮಚ ಸಮುದ್ರದ ನೀರು ತಗೊಳ್ಳಿ. ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಅದರಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಸಿಗಡಿ, ಏಡಿ, ಚಿಪ್ಪಿನ ಜೀವಿಗಳು, ನಕ್ಷತ್ರ ಮೀನು ಎಲ್ಲ ಬದುಕುವುದು ಆ ನೀರಿನಲ್ಲೇ. ಗಾಯವಾದರೂ ಅದರಲ್ಲೇ ಇರಬೇಕು. ಇವಕ್ಕೆ ಬೆನ್ನುಮೂಳೆ ಇಲ್ಲ, ನಮ್ಮ ಹಾಗೆ ರೋಗಾಣುಗಳ ವಿರುದ್ಧ ಹೋರಾಡುವ ಆಂಟಿಬಾಡಿಯೂ ಇಲ್ಲ. ಮತ್ತೆ ಇವನ್ನು ಕಾಯುವುದು ಯಾವುದು?

ಇದಕ್ಕೊಂದು ಸುಳಿವು ಸಿಕ್ಕಿದ್ದು 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ. ರಷ್ಯಾದಿಂದ ಬಂದಿದ್ದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಅಲ್ಲಿ ಕಡಲ ಹತ್ತಿರ ಮನೆ ಮಾಡಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋದ ದಿನ, ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ನಕ್ಷತ್ರ ಮೀನಿನ ಮರಿಯ ಮೈ ಗಾಜಿನಂತೆ. ಒಳಗೆ ಕಣಗಳು, ಅಂದರೆ ಜೀವಕೋಶಗಳು, ಓಡಾಡುವುದು ಕಾಣುತ್ತದೆ. ತೋಟದಿಂದ ಗುಲಾಬಿ ಮುಳ್ಳು ತಂದು ಅದಕ್ಕೆ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಕಣಗಳೆಲ್ಲ ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗುವ ಇಂಥ ಕಣಗಳ ಕೆಲಸಕ್ಕಾಗಿ 1908ರಲ್ಲಿ ಅವರಿಗೆ ನೊಬೆಲ್ ಬಂತು.

ನಾನು ಇವತ್ತು ಜಾಸ್ತಿ ಹೇಳಬೇಕು ಅಂದುಕೊಂಡಿರುವುದು ಕುದುರೆ ಲಾಳದ ಏಡಿಯ ಬಗ್ಗೆ. ಹೆಸರು ಏಡಿ, ನೆಂಟಸ್ತಿಕೆ ಜೇಡ–ಚೇಳಿನ ಕಡೆ. ನಮ್ಮ ದೇಶದಲ್ಲಿ ಒಡಿಶಾದ ಬಾಲಸೋರ್ ದಂಡೆಯಲ್ಲಿ ಇದು ಮೊಟ್ಟೆ ಇಡುತ್ತದೆ. ಇದರ ರಕ್ತ ನೀಲಿ, ಯಾಕೆಂದರೆ ಆಮ್ಲಜನಕ ಹೊರುವ ಕೆಲಸ ಇಲ್ಲಿ ತಾಮ್ರದ್ದು. ರಕ್ತ ಪೂರ್ತಿ ನಾಳಗಳೊಳಗೇ ಹರಿಯುವುದಿಲ್ಲ, ಅಂಗಗಳ ಸುತ್ತಲೂ ತುಂಬಿಕೊಂಡಿರುತ್ತದೆ. ಒಂದು ಕಾಲು ಮುರಿದರೆ ಸಾಕು, ಸಮುದ್ರ ನೇರ ಒಳಗೆ ನುಗ್ಗಬಹುದು.

ಅಲ್ಲಿ ಕಾಯುವುದು ರಕ್ತದ ಕಣಗಳು. ಒಂದೊಂದು ಕಣದಲ್ಲೂ ಸಣ್ಣ ಸಣ್ಣ ಹರಳಿನಂಥ ಚೀಲಗಳು ತುಂಬಿರುತ್ತವೆ. ಕೆಲವು ಜಾತಿಯ ಬ್ಯಾಕ್ಟೀರಿಯಾದ ಹೊರಗೋಡೆಯ ವಿಷ, ಅಂದರೆ ಎಂಡೋಟಾಕ್ಸಿನ್, ತಾಗಿದ್ದೇ ತಡ, ಕಣ ಆ ಚೀಲಗಳನ್ನೆಲ್ಲ ಹೊರಗೆ ಸುರಿದುಬಿಡುತ್ತದೆ. ಸುತ್ತಲಿನ ರಕ್ತ ಗಟ್ಟಿಯಾಗುತ್ತದೆ. ಗಾಯವೂ ಮುಚ್ಚಿತು, ಬ್ಯಾಕ್ಟೀರಿಯಾವೂ ಅದರಲ್ಲೇ ಸಿಕ್ಕಿಬಿತ್ತು!

ಅಮೆರಿಕದ ವುಡ್ಸ್ ಹೋಲ್‌ನಲ್ಲಿ ವಿಜ್ಞಾನಿ ಫ್ರೆಡ್ರಿಕ್ ಬ್ಯಾಂಗ್ ಇದನ್ನು ಕಂಡು 1956ರಲ್ಲಿ ಬರೆದರು. ಗಟ್ಟಿಯಾಗುವ ಗುಟ್ಟು ಈ ಕಣಗಳಲ್ಲೇ ಇದೆ ಅಂತ ಅವರೂ ಜ್ಯಾಕ್ ಲೆವಿನ್ ಅವರೂ 1964ರಲ್ಲಿ ತೋರಿಸಿದರು. ಇದು ಔಷಧಿಯ ಪರೀಕ್ಷೆಗೂ ಉಪಯೋಗಕ್ಕೆ ಬಂತು. ಆಸ್ಪತ್ರೆಯ ಡ್ರಿಪ್ ನೀರನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. ಅದು ಮೈಗೆ ಹೋದರೆ ಚಳಿ ಜ್ವರ. ಮೊದಲು ಔಷಧಿಯನ್ನು ಮೊಲಕ್ಕೆ ಚುಚ್ಚಿ ಜ್ವರ ಬರುತ್ತಾ ಅಂತ ನೋಡುತ್ತಿದ್ದರು. ಆಮೇಲೆ ಈ ಕಣಗಳ ಸಾರವೇ ಸಾಕಾಯಿತು. ಸಣ್ಣ ಗಾಜಿನ ಕೊಳವೆಯಲ್ಲಿ ಔಷಧಿಯ ಹನಿಗೆ ಸಾರ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮೆಲ್ಲಗೆ ತಲೆಕೆಳಗು ಮಾಡುತ್ತಾರೆ. ಕೆಳಕ್ಕೆ ಹರಿದರೆ ಸರಿ. ಗಟ್ಟಿ ಮೊಸರಿನ ಹಾಗೆ ತಳಕ್ಕೇ ಅಂಟಿಕೊಂಡರೆ ಆ ಔಷಧಿ ಬೇಡ.

ಇದಕ್ಕಾಗಿ ಅಮೆರಿಕದ ತೀರದಲ್ಲಿ ಏಡಿಗಳನ್ನು ಹಿಡಿದು, ರಕ್ತ ತೆಗೆದು, ವಾಪಸ್ ಕಡಲಿಗೆ ಬಿಡುತ್ತಾರೆ. ಎಲ್ಲವೂ ಬದುಕುವುದಿಲ್ಲ. ನನಗೆ ಇದು ನಿಜವಾಗಿ ನೋವಿನ ವಿಷಯ. ಬೇರೆ ದಾರಿ ಇಲ್ಲದಿದ್ದರೆ ಒಂದು ಮಾತು. ಆದರೆ ಎಂಡೋಟಾಕ್ಸಿನ್ ಗುರುತಿಸುವ ಪ್ರೋಟೀನನ್ನು ಸಿಂಗಪುರದ ವಿಜ್ಞಾನಿಗಳು ಏಡಿಯಿಲ್ಲದೆಯೇ ಪ್ರಯೋಗಾಲಯದಲ್ಲಿ ತಯಾರಿಸಿ ಎಷ್ಟೋ ವರ್ಷವಾಯಿತು. ಯುರೋಪಿನ ಔಷಧ ನಿಯಮಗಳಲ್ಲಿ 2021ರಿಂದ ಅದಕ್ಕೆ ಜಾಗವೂ ಇದೆ. ಸತ್ತ ಏಡಿಯ ಜಾಗ ಬೇಗ ತುಂಬುವುದಿಲ್ಲ; ಈ ಏಡಿ ಮೊಟ್ಟೆ ಇಡುವಷ್ಟು ದೊಡ್ಡದಾಗಲು ಸುಮಾರು 10 ವರ್ಷ ಬೇಕು.