ಪುಸ್ತಕದ ವೇಗ, ಕೋವಿಯ ವೇಗ

ನಮಸ್ಕಾರ ಕೇಳುಗರೇ.

ಅಮೆರಿಕದಲ್ಲಿ ರೈಫಲ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿದ ಹಿತ್ತಾಳೆ ತೋಟೆಗೆ ಮದ್ದಿಗೆ ಕಿಡಿ ಹೊತ್ತಿಸುವ ಹೊಸ ಕೇಪು, ತೂಗಿ ಹಾಕಿದ ಮದ್ದು, ಮೇಲೊಂದು ಗುಂಡು. ಅಲ್ಲಿ ಅದೊಂದು ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವಂತಿಲ್ಲ. ಹಾಗಾಗಿ ಇವತ್ತು ಬರೀ ಲೆಕ್ಕದ ಮಾತು.

ಮದ್ದು ಮಾಡುವ ಕಂಪನಿಗಳು ಕೈಪಿಡಿ ಅಚ್ಚು ಹಾಕಿಸುತ್ತವೆ. ಇಷ್ಟು ತೂಕದ ಗುಂಡಿಗೆ ಇಷ್ಟು ಮದ್ದು ಹಾಕಿದರೆ ಇಷ್ಟು ವೇಗ ಅಂತ ಅದರಲ್ಲಿರುತ್ತದೆ. ಥರ್ಟಿ ಆಟ್ ಸಿಕ್ಸ್ ಅನ್ನುವ ತೋಟೆಯನ್ನೇ ನೋಡಿ. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದದ್ದು. ಹತ್ತು ಗ್ರಾಂಗಿಂತ ತುಸು ಕಡಿಮೆ ತೂಗುವ 150 ಗ್ರೇನ್ ಗುಂಡಿಗೆ ಸೆಕೆಂಡಿಗೆ 2,900 ಅಡಿಯ ಆಸುಪಾಸು ಅಂತ ಬರೆದಿರುತ್ತಾರೆ. ತುಂಬಿದವನು ತನ್ನ ರೈಫಲಿನಲ್ಲಿ ಅಳೆದರೆ 2,800 ಬರಬಹುದು. ಹಾಗಾದರೆ ಪುಸ್ತಕ ಸುಳ್ಳಾ?

ಸುಳ್ಳಲ್ಲ. ಅದು ಬೇರೊಂದು ನಳಿಗೆಯ ವೇಗ, ಅಷ್ಟೇ. ಪರೀಕ್ಷೆಯ ನಳಿಗೆ ಸಾಮಾನ್ಯವಾಗಿ 24 ಇಂಚು ಉದ್ದ. ತೋಟೆ ಕೂರುವ ಜಾಗವನ್ನೂ ಬಿಗಿಯಾಗಿ ಕೊರೆದಿರುತ್ತಾರೆ. ಬೇಟೆಗಾರನ ರೈಫಲ್ 22 ಇಂಚಿನದು. ಇಂಚಿಗೆ ಸುಮಾರು 25 ಅಡಿ ವೇಗ ಅನ್ನುವುದು ರೂಢಿಯ ಅಂದಾಜು. ಅಲ್ಲಿಗೆ 50 ಅಡಿ ಹೋಯಿತು. ಉಳಿದದ್ದಕ್ಕೆ ನಳಿಗೆಯ ಒಳಮೈ ಕಾರಣ ಇರಬಹುದು, ಚಳಿಯೂ ಇರಬಹುದು. ಒಂದೇ ಕಾರ್ಖಾನೆಯ, ಒಂದೇ ಉದ್ದದ ಎರಡು ರೈಫಲ್ ಕೂಡ ಒಂದೇ ವೇಗ ಕೊಡುವುದಿಲ್ಲ.

ಅಳೆಯುವ ಯಂತ್ರವನ್ನೂ ಸ್ವಲ್ಪ ಅನುಮಾನಿಸಬೇಕು. ಅದರ ಹೆಸರು ಕ್ರೋನೋಗ್ರಾಫ್. ಹಳೆಯ ನಮೂನೆಯದರಲ್ಲಿ ಎರಡು ಬೆಳಕಿನ ಕಣ್ಣುಗಳಿರುತ್ತವೆ. ಗುಂಡಿನ ನೆರಳು ಒಂದರಿಂದ ಇನ್ನೊಂದಕ್ಕೆ ದಾಟುವ ಹೊತ್ತನ್ನು ಅದು ಎಣಿಸುತ್ತದೆ. ಕಣ್ಣುಗಳ ನಡುವೆ ಎರಡು ಅಡಿ ಇದ್ದು, ಜೋಡಿಸುವಾಗ ಕಾಲು ಇಂಚು ತಪ್ಪಿದರೂ ಶೇಕಡಾ 1ರಷ್ಟು ತಪ್ಪು. ಅಂದರೆ ಹತ್ತಿರ ಹತ್ತಿರ 30 ಅಡಿ! ಈಗ ರೇಡಾರ್ ಬಂದು ಈ ತಾಪತ್ರಯ ಕಡಿಮೆಯಾಗಿದೆ. ಈ ಅಳತೆಗೆ ಗಟ್ಟಿ ದಾರಿ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ ಭಾರಕ್ಕೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಾಡಿತು ಅಂತ ನೋಡಿ ವೇಗ ಲೆಕ್ಕ ಹಾಕಿದ. 1742ರಲ್ಲಿ ಅದನ್ನು ಪ್ರಕಟಿಸಿದ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂದು, 1751ರಲ್ಲಿ ಇಲ್ಲೇ ಕಡಲೂರಿನ ಹತ್ತಿರದ ಕೋಟೆಯಲ್ಲಿ ತೀರಿಕೊಂಡ.

ಅಪಾಯ ಇರುವುದು ಹಟದಲ್ಲಿ. ಪುಸ್ತಕದ ವೇಗ ಬರಲಿಲ್ಲ ಅಂತ ಕೆಲವರು ಇನ್ನಷ್ಟು ಮದ್ದು ಸುರಿಯುತ್ತಾರೆ. ಮದ್ದು ಗರಿಷ್ಠ ಮಿತಿ ಮುಟ್ಟಿದ ಮೇಲೆ ವೇಗ ಸ್ವಲ್ಪ ಏರುವಷ್ಟರಲ್ಲಿ ಒಳಗಿನ ಒತ್ತಡ ಬಹಳ ಏರಿರುತ್ತದೆ. ಒಡೆಯುವ ರೈಫಲ್ ಇರುವುದು ಕೆನ್ನೆಯ ಪಕ್ಕದಲ್ಲೇ ಅಲ್ವಾ? ನನ್ನನ್ನು ಕೇಳಿದರೆ, ಕಡಿಮೆ ವೇಗಕ್ಕಿಂತ ಜಾಸ್ತಿ ವೇಗಕ್ಕೇ ಹೆಚ್ಚು ಹೆದರಬೇಕು. ಪುಸ್ತಕಕ್ಕಿಂತ ಕಡಿಮೆ ಮದ್ದು ಹಾಕಿಯೂ ವೇಗ ಪುಸ್ತಕವನ್ನು ಮೀರಿದರೆ, ಒತ್ತಡವೂ ಮೀರಿರಬಹುದು. ಅಲ್ಲಿಗೇ ನಿಲ್ಲಿಸಬೇಕು.

ಇಷ್ಟಕ್ಕೂ ಆ 100 ಅಡಿ ಕಳೆದುಕೊಂಡರೆ ಏನಾಗುತ್ತದೆ? 200 ಗಜಕ್ಕೆ ಗುರಿ ಹೊಂದಿಸಿಕೊಂಡ ರೈಫಲಿನ ಗುಂಡು 300 ಗಜದಲ್ಲಿ ಮೊದಲಿಗಿಂತ ಹೆಚ್ಚೆಂದರೆ ಒಂದು ಇಂಚು ಕೆಳಗೆ ಬೀಳಬಹುದು. ಜಿಂಕೆ ಬೇಟೆಗೆ ಅದು ಲೆಕ್ಕಕ್ಕೇ ಇಲ್ಲ. ಸಾವಿರ ಗಜದ ಗುರಿಗೆ ಹೊಡೆಯುವವರಿಗೆ ಮಾತ್ರ ಈ ವ್ಯತ್ಯಾಸ ಅಡಿಗಟ್ಟಲೆ ಆಗುತ್ತದೆ. ಅವರು ಮದ್ದಿನ ಮಿತಿ ತಿಳಿಯಲು ಕೈಪಿಡಿ ನೋಡುತ್ತಾರೆ, ವೇಗಕ್ಕೆ ತಮ್ಮ ರೈಫಲಿನಲ್ಲಿ ಅಳೆದ ಅಂಕಿಯನ್ನೇ ಹಿಡಿಯುತ್ತಾರೆ.

ನಮಸ್ಕಾರ.