ಹಕ್ಕಿ ಕೂರದ ಮಸೀದಿ: ಸಿನಾನ್ ಕಟ್ಟಿದ ಪುಟ್ಟ ಶೆಮ್ಸಿ ಪಾಷಾ

[ದೃಶ್ಯ: ಬಾಸ್ಫರಸ್ ಜಲಸಂಧಿ, ದೋಣಿಯಿಂದ ಕಾಣುವ ದಡ]

ನಮಸ್ಕಾರ. ಇದು ಇಸ್ತಾಂಬುಲ್‌ನ ಏಷ್ಯಾ ಕಡೆಯ ದಡ, ಉಸ್ಕುದಾರ್. ನೀರಿನ ಅಂಚಿಗೇ ಸಣ್ಣದೊಂದು ಗುಮ್ಮಟ, ಪಕ್ಕದಲ್ಲಿ ಒಂದೇ ಒಂದು ಮಿನಾರು ಕಾಣುತ್ತಿದೆ ಅಲ್ವಾ? ಅದೇ ಶೆಮ್ಸಿ ಪಾಷಾ ಮಸೀದಿ. ಊರವರ ಬಾಯಲ್ಲಿ ‘ಕುಷ್‌ಕೊನ್ಮಾಜ್’, ಅಂದರೆ ಹಕ್ಕಿ ಕೂರದ ಮಸೀದಿ. ಹಕ್ಕಿಗಳು ಗಲೀಜು ಮಾಡಬಾರದು ಅಂತ ಪಾಷಾ ಹೇಳಿದನಂತೆ. ಅದಕ್ಕೇ ಗಾಳಿ ಜಾಸ್ತಿ ಬೀಸುವ ಈ ಜಾಗ ಹುಡುಕಿದರಂತೆ. ಕಥೆ ಚೆನ್ನಾಗಿದೆ. ಆದರೆ ನನ್ನ ಕಣ್ಣಿರುವುದು ಕಟ್ಟಡದ ಮೇಲೆ.

ಕಟ್ಟಿಸಿದವನು ತುರ್ಕರ ಆಟೋಮನ್ ಸಾಮ್ರಾಜ್ಯದ ವಜೀರ ಶೆಮ್ಸಿ ಅಹ್ಮದ್ ಪಾಷಾ, 1580ರ ಸುಮಾರಿಗೆ. ಕಟ್ಟಿದವನು ಆ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿ ಮಿಮಾರ್ ಸಿನಾನ್. ಹೌದು, ಇದೇ ಊರಿನ ಭಾರಿ ಸುಲೇಮಾನಿಯೆ ಮಸೀದಿ ಕಟ್ಟಿದ ಸಿನಾನನೇ. ಅಲ್ಲಿನ ಗುಮ್ಮಟದ ಅಡ್ಡಳತೆ 26 ಮೀಟರ್ ದಾಟುತ್ತದೆ. ಇಲ್ಲಿ ಸುಮಾರು 8.

[ದೃಶ್ಯ: ಮೇಲಿನಿಂದ ಕಾಣುವ ನಕ್ಷೆ]

ಈಗ ಈ ನಕ್ಷೆ ನೋಡಿ. ಏನೋ ಸೊಟ್ಟ ಅನಿಸುತ್ತದೆ. ದಡ ಒಂದು ದಿಕ್ಕಿಗೆ ಸಾಗಿದೆ. ಮಸೀದಿ ಮುಖ ಮಾಡಬೇಕಾದದ್ದು ಮೆಕ್ಕಾದ ಕಡೆಗೆ, ಅಂದರೆ ಆಗ್ನೇಯಕ್ಕೆ. ಎರಡೂ ಹೊಂದುವುದಿಲ್ಲ. ಸಿನಾನ್ ಅದನ್ನು ಮುಚ್ಚಿಡಲು ಹೋಗಲೇ ಇಲ್ಲ. ಮಸೀದಿಯನ್ನು ಓರೆಯಾಗಿಯೇ ನಿಲ್ಲಿಸಿದ. ಎರಡು ಬದಿಗೆ ಮದ್ರಸಾದ ಕೋಣೆಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಜೋಡಿಸಿದ. ನಡುವೆ ಉಳಿದ ಜಾಗವೇ ಅಂಗಳ. ನೀರಿನ ಕಡೆಗೆ ಗೋಡೆಯಿದೆ, ಆದರೆ ಅದರಲ್ಲಿ ಜಾಲರಿ ಕಿಟಕಿಗಳು. ಸುಮ್ನೆ ಗೋಡೆ ಎಬ್ಬಿಸಿದ್ದರೆ ಅಂಗಳ ಬಾವಿಯಂತಾಗುತ್ತಿತ್ತು! ಮದ್ರಸಾ ಮುಂದೆ ಗ್ರಂಥಾಲಯವಾಯಿತು. ಬಾಸ್ಫರಸ್ ಪಕ್ಕದಲ್ಲಿ ಕೂತು ಓದುವವರನ್ನು ನೆನೆದರೆ ನನಗಂತೂ ಹೊಟ್ಟೆಕಿಚ್ಚು.

[ದೃಶ್ಯ: ಒಳಗೆ, ಗುಮ್ಮಟದ ಕೆಳಗೆ]

ಒಳಗೆ ಇರುವುದು ಒಂದೇ ಚೌಕದ ಕೋಣೆ. ಚೌಕದ ಡಬ್ಬಿಯ ಮೇಲೆ ಬೋಗುಣಿ ಕವುಚಿ ನೋಡಿ, ನಾಲ್ಕು ಮೂಲೆ ಖಾಲಿ ಉಳಿಯುತ್ತವೆ. ಆ ಮೂಲೆಗಳಿಗೆ ಸಿನಾನ್ ಕಮಾನಿನ ಗೂಡುಗಳನ್ನು ಕೊಟ್ಟ. ಇವೇ ಸ್ಕ್ವಿಂಚ್‌ಗಳು. ನಾಲ್ಕು ಮೂಲೆ ಎಂಟಾಗುತ್ತವೆ, ಗುಮ್ಮಟದ ಭಾರ ಗೋಡೆಗೆ ಇಳಿಯುತ್ತದೆ. ನಡುವೆ ಒಂದು ಕಂಬವೂ ಬೇಡ.

ಇನ್ನೊಂದು ವಿಷಯ. ಕಟ್ಟಿಸಿದವರ ಗೋರಿ ಸಾಮಾನ್ಯವಾಗಿ ಮಸೀದಿಯಿಂದ ಬೇರೆಯಾಗಿ, ಹಿಂದಿನ ತೋಟದಲ್ಲಿ ಇರುತ್ತಿತ್ತು. ಇಲ್ಲಿ ಅದು ಮಸೀದಿಯ ಗೋಡೆಗೇ ಅಂಟಿಕೊಂಡಿದೆ. ನಡುವಿನ ಗೋಡೆಯನ್ನೂ ಕಮಾನಾಗಿ ತೆರೆದು ಜಾಲರಿ ಹಾಕಿದ್ದಾರೆ. ಪಾಷಾ ತೀರಿಕೊಂಡದ್ದೂ 1580ರಲ್ಲೇ. ಅವನ ಸಮಾಧಿ ಆ ಜಾಲರಿಯ ಆಚೆಗಿದೆ, ನಮಾಜಿಗೆ ನಿಂತವರ ಪಕ್ಕದಲ್ಲೇ.