ಪ್ಲಮ್ ಹಣ್ಣಿನ ಸಿಪ್ಪೆ ಸುಲಿಯಬೇಡಿ

ಎಲ್ಲರಿಗೂ ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು ಬರೆದ ಮಾತು ಎರಡು ದಿನಗಳಿಂದ ನನ್ನ ತಲೆ ಕೊರೆಯುತ್ತಿದೆ. "ಪ್ಲಮ್ ಹಣ್ಣಿನ ಸಿಪ್ಪೆ ಹುಳಿ, ಮೇಲೆ ಬಿಳಿ ಪುಡಿ ಬೇರೆ ಹಚ್ಚಿರುತ್ತಾರೆ, ನಾವು ಮಕ್ಕಳಿಗೆ ಸುಲಿದೇ ಕೊಡುತ್ತೇವೆ" ಎಂದಿದ್ದಾರೆ. ಇಂದು ಬೇರೆ ವಿಷಯ ಸಿದ್ಧಪಡಿಸಿಕೊಂಡಿದ್ದರೂ, ಇದಕ್ಕೆ ಉತ್ತರಿಸದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ದಯವಿಟ್ಟು ಸಿಪ್ಪೆ ಸುಲಿಯಬೇಡಿ.

ಮೊದಲು ಆ ಬಿಳಿ ಪುಡಿಯ ವಿಚಾರ. ಅದು ತನ್ನೊಳಗಿನ ನೀರು ಆರಿಹೋಗದಂತೆ ಹಣ್ಣೇ ಹೊದ್ದುಕೊಂಡ ತೆಳುವಾದ ಮೇಣ. ದ್ರಾಕ್ಷಿಯ ಮೇಲೂ ಇಂಥದ್ದೇ ಇರುತ್ತದೆ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ, ಮಬ್ಬು ಸರಿದು ಕಡುಗೆಂಪು ಹೊಳೆಯುತ್ತದೆ. ಔಷಧಿ ಸಿಂಪಡಿಸಿರುತ್ತಾರೆಂಬ ಭಯವಿದ್ದರೆ ನಲ್ಲಿಯ ನೀರಿನಡಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಚಾಕು ಹಿಡಿಯಬೇಡಿ.

ಹಿಮಾಚಲ ಪ್ರದೇಶದಲ್ಲಿ ಹೆಚ್ಚಾಗಿ ಬೆಳೆಯುವ ಸಾಂಟಾ ರೋಸಾ ತಳಿಯ ಹಣ್ಣೊಂದನ್ನು ಅಡ್ಡಕ್ಕೆ ಕೊಯ್ದರೆ ಒಳಗಿನ ತಿರುಳು ಬಹುಮಟ್ಟಿಗೆ ಹಳದಿ, ಸಿಪ್ಪೆಗೆ ಅಂಟಿದ ಅಂಚು ಮಾತ್ರ ಕೆಂಪು. ಆ ಕೆಂಪೇ ಆಂಥೋಸಯನಿನ್ ಎಂಬ ಉತ್ಕರ್ಷಣ ನಿರೋಧಕ ವರ್ಣದ್ರವ್ಯ. ಅದು ತುಂಬಿರುವುದು ಸಿಪ್ಪೆಯಲ್ಲಿ. 100 ಗ್ರಾಂ ಹಣ್ಣಿನಲ್ಲಿ 46 ಕ್ಯಾಲೊರಿ, ಸುಮಾರು 10 ಗ್ರಾಂ ಸಕ್ಕರೆ, ಸುಮಾರು 9.5 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ, ನಾರಿನಂಶ ಒಂದೂವರೆ ಗ್ರಾಮಿಗೂ ಕಡಿಮೆ. ಇರುವುದೇ ಇಷ್ಟು ನಾರು. ಅದರಲ್ಲೂ ಸಿಪ್ಪೆಯ ಪಾಲನ್ನು ಕಸದ ಬುಟ್ಟಿಗೆ ಹಾಕಿದರೆ ಏನು ಉಳಿಯಿತು?

"ಜ್ಯೂಸ್ ಮಾಡಿ ಕುಡಿದರೆ ಸಾಲದೇ?" ಎನ್ನುವವರಿದ್ದಾರೆ. ಸಾಲದು. ಸೋಸುವ ಜರಡಿಯಲ್ಲಿ ಉಳಿಯುವುದು ಅದೇ ಸಿಪ್ಪೆ, ಅದೇ ನಾರು. ಲೋಟಕ್ಕೆ ಇಳಿಯುವುದು ಸಿಹಿನೀರು.

ಒಣಗಿಸಿದ ಪ್ಲಮ್ ಮಲಬದ್ಧತೆಗೆ ಒಳ್ಳೆಯದೆಂಬುದು ಬರೀ ಅಜ್ಜಿಮದ್ದಿನ ಮಾತಲ್ಲ. ಅದರಲ್ಲಿರುವ ಸಾರ್ಬಿಟಾಲ್ ಕರುಳಿಗೆ ನೀರೆಳೆದು ಮಲವನ್ನು ಮೆದುವಾಗಿಸುತ್ತದೆ, ಜೊತೆಗೆ 100 ಗ್ರಾಮಿಗೆ ಸುಮಾರು 7 ಗ್ರಾಂ ನಾರು. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆರಡು ಸಲ 50 ಗ್ರಾಂ ತಿಂದವರಿಗೆ ಇಸಬ್‌ಗೋಲಿಗಿಂತ ಹೆಚ್ಚು ಗುಣ ಕಂಡಿತು. ಮುಟ್ಟು ನಿಂತ 235 ಮಹಿಳೆಯರನ್ನು ಒಳಗೊಂಡ, 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ವರ್ಷವಿಡೀ ದಿನಕ್ಕೆ 50 ಗ್ರಾಂ ತಿಂದವರ ಸೊಂಟದ ಮೂಳೆಯ ಸಾಂದ್ರತೆ ಕುಸಿಯದೆ ಉಳಿಯಿತು. ಗಮನಿಸಿ, ಈ ಹಣ್ಣನ್ನು ಒಣಗಿಸುವುದು ಸಿಪ್ಪೆಸಮೇತ!

ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದವರಿಗೆ ಯಾವ ನೆಪ? ಹುಳಿ ಎನ್ನುತ್ತೀರಿ, ಎರಡು ದಿನ ಹೊರಗಿಟ್ಟು ಮೆತ್ತಗಾದ ಮೇಲೆ ಕಚ್ಚಿ ನೋಡಿ, ಸಿಪ್ಪೆಯ ಹುಳಿ ತಿರುಳಿನ ಸಿಹಿಯೊಡನೆ ಬೆರೆತಾಗಲೇ ಅದು ಪ್ಲಮ್ ಎನಿಸುತ್ತದೆ. ಮಕ್ಕಳು ಒಪ್ಪುವುದಿಲ್ಲ ಎನ್ನುತ್ತೀರಿ. ನೀವು ಸುಲಿದು ಕೊಟ್ಟು ಅಭ್ಯಾಸ ಮಾಡಿಸಿದರೆ ಅವರು ಹೇಗೆ ಒಪ್ಪಿಯಾರು? ಬೀಜ ಮಾತ್ರ ತೆಗೆದು, ಹೋಳು ಮಾಡಿ ಕೊಡಿ. ಸಿಪ್ಪೆ ಇರಲಿ!

ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ಆ ಮಾತು ಬರೆದ ವೀಕ್ಷಕರೇ, ಈ ವಾರ ಒಂದೇ ಒಂದು ಹಣ್ಣನ್ನು ಸಿಪ್ಪೆಸಮೇತ ತಿಂದು, ಹೇಗಿತ್ತೆಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಾನೇ ಓದುತ್ತೇನೆ.